ಕ್ರೂಸ್ ರಜೆ: ಹಡಗು ಹತ್ತುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಕ್ರೂಸ್‌ಗೆ ಹೋಗಿ ಬಂದಿದ್ದೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ದೊಡ್ಡ ಹಡಗಿನಲ್ಲೂ ಹೋಗಿದ್ದೇನೆ, ಸಣ್ಣದರಲ್ಲೂ ಹೋಗಿದ್ದೇನೆ. ಇಲ್ಲಿರುವ ಕೆಲವು ಉತ್ತರಗಳು ದುಡ್ಡು ಕಳೆದುಕೊಂಡು ಕಲಿತದ್ದು. ನೀವೂ ಹಾಗೇ ಕಲಿಯಬೇಕಾಗಿಲ್ಲ.

ಕ್ರೂಸ್ ನಮಗೆ ಹಿಡಿಸುತ್ತಾ ಇಲ್ವಾ, ಹೇಗೆ ಗೊತ್ತಾಗುತ್ತದೆ?

ಹೊಸ ಊರಿಗೆ ಹೋದಾಗ ನಿಮಗೆ ಏನು ಇಷ್ಟ ಅಂತ ಯೋಚಿಸಿ. ರಾತ್ರಿ ಅಲ್ಲೇ ಉಳಿದು, ಗಲ್ಲಿಗಲ್ಲಿ ಅಲೆದು, ಊರು ಮಲಗುವುದನ್ನೂ ಏಳುವುದನ್ನೂ ನೋಡಬೇಕು ಅನ್ನುವವರಿಗೆ ಕ್ರೂಸ್ ಅರೆಹೊಟ್ಟೆ ಊಟದ ಹಾಗೆ. ಸಾಮಾನ್ಯವಾಗಿ ಹಡಗು ಬೆಳಗ್ಗೆ ಏಳೆಂಟಕ್ಕೆ ಬಂದರು ಸೇರುತ್ತದೆ, ಸಂಜೆ ನಾಲ್ಕೈದಕ್ಕೆ ಹೊರಟುಬಿಡುತ್ತದೆ. ಆದರೆ ವಯಸ್ಸಾದವರು, ಮಕ್ಕಳು, ನಾವು ಎಲ್ಲ ಒಟ್ಟಿಗೆ ಹೊರಡಬೇಕು ಅಂದರೆ ಇದಕ್ಕಿಂತ ಸಲೀಸಾದ ರಜೆ ನಾನು ಕಂಡಿಲ್ಲ. ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಸಾಕು. ಅಜ್ಜಿ ಡೆಕ್ ಮೇಲೆ ಕುರ್ಚಿ ಹಾಕಿಕೊಂಡು ಕೂತಿರಬಹುದು, ಮಕ್ಕಳು ಈಜುಕೊಳದಲ್ಲಿರಬಹುದು, ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಟೇಬಲ್ಲಿಗೆ ಬರುತ್ತಾರೆ.

ಮೊದಲ ಸಲಕ್ಕೆ ಮೂರು ರಾತ್ರಿಯದ್ದು ಸಾಕು, ರುಚಿ ನೋಡಿದ ಹಾಗಾಗುತ್ತದೆ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಣ್ಣ ಪ್ರಯಾಣಗಳಲ್ಲಿ ಪಾರ್ಟಿ ಗದ್ದಲ ಜಾಸ್ತಿ. ಹಡಗಿನೊಳಗಿನ ದಾರಿ ಗೊತ್ತಾಗುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ರಜೆ ಸಿಗುವುದಾದರೆ ಏಳು ರಾತ್ರಿಯದ್ದೇ ನೋಡಿ.

ದೊಡ್ಡ ಹಡಗಾ, ಸಣ್ಣ ಹಡಗಾ?

ದೊಡ್ಡದು ಅಂದರೆ ಎಷ್ಟು ದೊಡ್ಡದು ಅಂತ ಮೊದಲು ಗೊತ್ತಿರಲಿ. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದ ಸೀಸ್ ಸುಮಾರು 365 ಮೀಟರ್ ಉದ್ದ, 20 ಡೆಕ್, ಅಂದರೆ 20 ಮಹಡಿ ಎತ್ತರ. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅವರ ಜೊತೆ 2,350ರಷ್ಟು ಸಿಬ್ಬಂದಿ. ಒಂದು ಸಣ್ಣ ಪಟ್ಟಣವೇ ತೇಲುತ್ತಿದ್ದ ಹಾಗೆ. ಮಕ್ಕಳಿಗೆ ಇದು ಸ್ವರ್ಗ. ನೀರಿನ ಜಾರುಬಂಡೆ, ಆಟ, ನಾಟಕ, ಐಸ್ ಸ್ಕೇಟಿಂಗ್ ಎಲ್ಲ ಇರುತ್ತದೆ. ಸಾವಿರಕ್ಕಿಂತ ಕಡಿಮೆ ಜನ ಇರುವ ಹಡಗಿನಲ್ಲಿ ಇದೆಲ್ಲ ಇರುವುದಿಲ್ಲ, ಆದರೆ ಸಾಲು ನಿಲ್ಲುವ ತಾಪತ್ರಯವೂ ಅಷ್ಟಾಗಿ ಇರುವುದಿಲ್ಲ, ದೊಡ್ಡ ಹಡಗು ನುಗ್ಗಲಾಗದ ಸಣ್ಣ ಬಂದರುಗಳಿಗೂ ಅದು ಹೋಗುತ್ತದೆ.

ಕಂಪನಿ ನೋಡಿಕೊಂಡು ಆರಿಸಿ. ಡಿಸ್ನಿ ಹಡಗುಗಳು ಮಕ್ಕಳಿರುವ ಮನೆಯವರಿಗೆ. ವೈಕಿಂಗ್ ಮತ್ತು ವರ್ಜಿನ್ ವಾಯೇಜಸ್ ಹಡಗುಗಳಿಗೆ 18 ವರ್ಷ ತುಂಬದವರನ್ನು ಸೇರಿಸುವುದೇ ಇಲ್ಲ. ಸಮುದ್ರ ತೀರದ ದಿನನಿತ್ಯದ ಬದುಕನ್ನೇ ನೋಡಬೇಕು ಅಂದರೆ ನಾರ್ವೆಯ ಹುರ್ಟಿಗ್ರೂಟನ್ ದಾರಿ ಇದೆ. 1893ರಿಂದ ಸರಕು, ಟಪಾಲು, ಜನ ಎಲ್ಲವನ್ನೂ ಹೊತ್ತು ನಡೆದುಬಂದ ದಾರಿ ಅದು. ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು. ಕೆಲವು ಕಡೆ ಹಡಗು ಕಾಲು ಗಂಟೆಯಷ್ಟೇ ನಿಲ್ಲುತ್ತದೆ.

ಆದರೆ ನಾನು ಹಡಗಿನ ಹೆಸರಿಗಿಂತ ಮೊದಲು ನೋಡುವುದು ವೇಳಾಪಟ್ಟಿ. ಯಾವ ಬಂದರು, ಎಷ್ಟು ಗಂಟೆಗೆ ಸೇರುತ್ತದೆ, ಎಷ್ಟು ಗಂಟೆಗೆ ಬಿಡುತ್ತದೆ. ಎರಡು ಕಂಪನಿಗಳು ಅದೇ ಐದು ಊರಿನ ಹೆಸರು ಹಾಕಿರುತ್ತವೆ, ಒಂದು ಆರು ಗಂಟೆ ನಿಂತರೆ ಇನ್ನೊಂದು ಹನ್ನೊಂದು ಗಂಟೆ ನಿಲ್ಲುತ್ತದೆ. ಇದನ್ನು ಬುಕ್ ಮಾಡುವಾಗ ಯಾರೂ ತಾವಾಗಿ ಹೇಳುವುದಿಲ್ಲ. ನೀವೇ ಕೂತು ಗಂಟೆ ಲೆಕ್ಕ ಹಾಕಬೇಕು.

ಪಟ್ಟಿಯಲ್ಲಿ ರೋಮ್, ಪ್ಯಾರಿಸ್ ಅಂತ ಇದೆ. ಹಡಗು ಅಲ್ಲಿಗೇ ಹೋಗುತ್ತಾ?

ಇಲ್ಲ. ಪ್ಯಾರಿಸ್‌ಗೆ ಸಮುದ್ರ ಎಲ್ಲಿದೆ? ಪ್ಯಾರಿಸ್ ಅಂದರೆ ಲ ಹಾವ್ರ್ ಬಂದರು, ಅಲ್ಲಿಂದ ಸುಮಾರು 200 ಕಿ.ಮೀ. ರೋಮ್ ಅಂದರೆ ಚಿವಿಟವೆಕ್ಯಾ, ರಸ್ತೆಯಲ್ಲಿ ಸುಮಾರು 80 ಕಿ.ಮೀ. ಫ್ಲಾರೆನ್ಸ್ ಅಂದರೆ ಲಿವೊರ್ನೊ. ಬರ್ಲಿನ್ ಅಂದರೆ ವಾರ್ನೆಮುಂಡೆ, ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಲಂಡನ್ ಅಂದರೆ ಹೆಚ್ಚಾಗಿ ಸೌತಾಂಪ್ಟನ್. ವೆನಿಸ್‌ನ ನಡುವಿನ ಕಾಲುವೆಯಲ್ಲಿ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳನ್ನು ಬಿಡುತ್ತಿಲ್ಲ. ಹಾಗಾಗಿ ವೆನಿಸ್ ಅಂತ ಬರೆದಿದ್ದರೂ ನೀವು ರವೆನ್ನಾದಲ್ಲೋ ಟ್ರಿಯೆಸ್ಟ್‌ನಲ್ಲೋ ಹಡಗು ಹತ್ತುವ ಹಾಗಾಗಬಹುದು.

ಹತ್ತು ಗಂಟೆ ಬಂದರಿನಲ್ಲಿ ನಿಂತು ಆರು ಗಂಟೆ ಬಸ್ಸಿನಲ್ಲೇ ಕಳೆದರೆ ಏನು ನೋಡಿದ ಹಾಗಾಯಿತು? ಅಂಥ ಕಡೆ ನಾನು ದೊಡ್ಡ ಊರಿನ ಆಸೆ ಬಿಟ್ಟು ಬಂದರಿನ ಊರನ್ನೇ ನೋಡುತ್ತೇನೆ. ವಾರ್ನೆಮುಂಡೆಯಲ್ಲಿ ದೀಪಸ್ತಂಭ ಇದೆ, ಉದ್ದನೆ ಮರಳ ದಂಡೆ ಇದೆ, ಅಲ್ಲೇ ನಡೆದುಕೊಂಡು ಓಡಾಡಬಹುದು. ಒಂದು ದಿನಕ್ಕೆ ಅಷ್ಟು ಧಾರಾಳ ಸಾಕು.

ಯಾವ ತಿಂಗಳಲ್ಲಿ ಹೋಗೋದು ಒಳ್ಳೆಯದು?

ಅಲಾಸ್ಕಾಗೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ ಹಡಗು ಓಡುತ್ತವೆ. ಅಂಟಾರ್ಕ್ಟಿಕಾಗೆ ನವೆಂಬರ್‌ನಿಂದ ಮಾರ್ಚ್. ಅಲ್ಲಿ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನ ಮಾತ್ರ ಇಳಿಯಬಹುದು, 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರು ಇಳಿಯುವ ಹಾಗೇ ಇಲ್ಲ, ದೂರದಿಂದ ನೋಡಿ ಬರಬೇಕು. ಬುಕ್ ಮಾಡುವಾಗ ಇದನ್ನು ಕೇಳದೆ ಹೋದರೆ ಆಮೇಲೆ ತುಂಬಾ ಬೇಜಾರಾಗುತ್ತದೆ.

ಕೆರಿಬಿಯನ್ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದರ ಜೋರು. ಆಗ ದರ ಕಡಿಮೆ. ಹಡಗು ಚಂಡಮಾರುತಕ್ಕೆ ಎದುರಾಗಿ ಹೋಗುವುದಿಲ್ಲ, ದಾರಿ ಬದಲಿಸುತ್ತದೆ. ಅಪಾಯಕ್ಕಿಂತ ಹೆಚ್ಚಾಗಿ, ನೀವು ನೋಡಬೇಕು ಅಂದುಕೊಂಡ ಊರು ಕೈತಪ್ಪಬಹುದು ಅಷ್ಟೇ. ಯಾವ ಊರಾದರೂ ಸರಿ ಅನ್ನುವವರು ಧೈರ್ಯವಾಗಿ ಹೋಗಿ. ಒಂದೇ ಒಂದು ದ್ವೀಪ ನೋಡಲೆಂದು ಹೊರಟವರು ಆ ತಿಂಗಳು ಬೇಡ.

ಇನ್ನೊಂದು ವಿಷಯ. ವಸಂತದಲ್ಲೂ ಶರತ್ಕಾಲದಲ್ಲೂ ಹಡಗುಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತವೆ. ಕೆರಿಬಿಯನ್‌ನಿಂದ ಯುರೋಪಿಗೆ, ಯುರೋಪಿನಿಂದ ವಾಪಸ್. ಹೋಗುವಾಗ ಖಾಲಿ ಯಾಕೆ ಹೋಗಬೇಕು ಅಂತ ಸೀಟು ಅಗ್ಗವಾಗಿ ಮಾರುತ್ತಾರೆ. ದಿನಗಟ್ಟಲೆ ಬರೀ ನೀರು. ಪುಸ್ತಕ ಹಿಡಿದು ಕೂರುವವರಿಗೆ ಇದಕ್ಕಿಂತ ಒಳ್ಳೆಯ ರಜೆ ಇಲ್ಲ.

ಯಾವ ಕ್ಯಾಬಿನ್ ತಗೋಬೇಕು?

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ದೀಪ ಆರಿಸಿದರೆ ಕಗ್ಗತ್ತಲು, ಬೆಳಗಾಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ನಿದ್ದೆಗೆ ಒಳ್ಳೆಯದು, ಉಸಿರುಗಟ್ಟಿದ ಹಾಗಾಗುತ್ತದೆ ಅನ್ನುವವರಿಗೆ ಅಲ್ಲ. ಬಾಲ್ಕನಿ ಬೇಕಾ ಅನ್ನುವುದು ನೀವು ಹೋಗುವ ಜಾಗದ ಮೇಲೆ ನಿಂತಿದೆ. ಅಲಾಸ್ಕಾ, ನಾರ್ವೆಯ ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಿರಿದಾದ ಸಮುದ್ರ) ಅಂದರೆ ಬಾಲ್ಕನಿಗೆ ಕೊಟ್ಟ ದುಡ್ಡು ವಸೂಲಾಗುತ್ತದೆ. ದಿನಾ ಬೆಳಗ್ಗೆ ಇಳಿದು ಹೋಗಿ ರಾತ್ರಿ ಬಂದು ಬೀಳುವ ಪ್ರಯಾಣಕ್ಕೆ ಅದು ಸುಮ್ನೆ ದಂಡ.

ಜಾಗ ಮಾತ್ರ ನೋಡಿಕೊಂಡೇ ಆರಿಸಿ. ಹಡಗಿನ ನಡುಭಾಗ, ಕೆಳಗಿನ ಡೆಕ್, ಅಲ್ಲಿ ಕುಲುಕಾಟ ಕಡಿಮೆ. ಸೀಸಾ ಹಲಗೆಯ ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವೆ ಕೂತವರು ಹೆಚ್ಚು ಅಲ್ಲಾಡುವುದಿಲ್ಲ ಅಲ್ವಾ, ಇಲ್ಲೂ ಹಾಗೇ. ಆಮೇಲೆ ಡೆಕ್ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೇನಿದೆ, ಕೆಳಗೇನಿದೆ ಅಂತ ನೋಡಿ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ನಾನು ಮೊದಲ ಸಲ ಇದನ್ನು ನೋಡಲಿಲ್ಲ. ನಮ್ಮ ತಲೆಯ ಮೇಲೇ ಬಫೆ ಹಾಲ್ ಇತ್ತು. ಬೆಳಗಿನ ಜಾವ ಐದಕ್ಕೆ ಸಿಬ್ಬಂದಿ ಕುರ್ಚಿ ಎಳೆಯಲು ಶುರು ಮಾಡುತ್ತಿದ್ದರು, ಒಂದಾದ ಮೇಲೆ ಒಂದು, ಕಬ್ಬಿಣದ ನೆಲದ ಮೇಲೆ ಕರ್ರ್ ಅಂತ. ಏಳು ದಿನವೂ ಅದೇ ನಮ್ಮ ಅಲಾರಂ.

‘ಗ್ಯಾರಂಟಿ’ ಕ್ಯಾಬಿನ್ ಅಂತ ಒಂದು ಇದೆ. ನಂಬರನ್ನು ಕಂಪನಿಯೇ ಆಮೇಲೆ ಕೊಡುತ್ತದೆ, ದರ ಸ್ವಲ್ಪ ಕಡಿಮೆ. ವಾಂತಿ ಬರುವವರು, ನಿದ್ದೆ ಸೂಕ್ಷ್ಮ ಇರುವವರು ಅದರ ಸಹವಾಸಕ್ಕೆ ಹೋಗಬೇಡಿ.

ಜಾಹೀರಾತಿನ ದರ ಕೊಟ್ಟರೆ ಮುಗೀತಾ? ಒಟ್ಟು ಎಷ್ಟಾಗುತ್ತದೆ?

ಮುಗಿಯುವುದಿಲ್ಲ. ಅದರಲ್ಲಿ ಕ್ಯಾಬಿನ್, ಮುಖ್ಯ ಊಟದ ಹಾಲ್, ಬಫೆ, ಕುಡಿಯುವ ನೀರು, ಸಂಜೆಯ ಕಾರ್ಯಕ್ರಮ, ಈಜುಕೊಳ ಇಷ್ಟು ಬರುತ್ತದೆ. ಬಂದರು ಶುಲ್ಕ ಮತ್ತು ತೆರಿಗೆ, ದಿನದ ಟಿಪ್ಸ್, ಮದ್ಯ ಮತ್ತು ಸೋಡಾ, ವೈಫೈ, ಬೇರೆ ರೆಸ್ಟೋರೆಂಟ್‌ಗಳು, ಊರು ಸುತ್ತುವ ಟೂರ್, ಫೋಟೋ, ಸ್ಪಾ ಇವೆಲ್ಲ ಸಾಮಾನ್ಯವಾಗಿ ಬೇರೆ. ಜೊತೆಗೆ ಹಡಗು ಹತ್ತುವ ಊರಿಗೆ ಹೋಗಿಬರುವ ವಿಮಾನದ ಟಿಕೆಟ್ ಮತ್ತು ಹೋಟೆಲ್. ಜಾಹೀರಾತಿನ ದರದ ಇನ್ನೊಂದು ಪಾಲು ಪಕ್ಕಕ್ಕಿಟ್ಟುಕೊಂಡೇ ಹೊರಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಡ್ರಿಂಕ್ಸ್ ಪ್ಯಾಕೇಜ್ ಬಗ್ಗೆ ಎಚ್ಚರ. ಒಂದೇ ಕ್ಯಾಬಿನ್ನಿನಲ್ಲಿ ಒಬ್ಬರು ತೆಗೆದುಕೊಂಡರೆ ಉಳಿದ ದೊಡ್ಡವರೆಲ್ಲರೂ ತೆಗೆದುಕೊಳ್ಳಬೇಕು ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ದಿನಕ್ಕೆ ಎಷ್ಟು ಗ್ಲಾಸ್ ಕುಡಿದರೆ ಅದು ವಸೂಲಾಗುತ್ತದೆ ಅಂತ ಭಾಗಿಸಿ ನೋಡಿ. ಬಹಳ ಜನಕ್ಕೆ ಆಗುವುದಿಲ್ಲ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕ್ಯಾಬಿನ್ನಿನ ಕಾರ್ಡ್ ತೋರಿಸಿದರೆ ಲೆಕ್ಕ ಸೇರಿಕೊಳ್ಳುತ್ತದೆ. ಆ ಲೆಕ್ಕಕ್ಕೆ ಡೆಬಿಟ್ ಕಾರ್ಡ್ ಕೊಡಬೇಡಿ. ಅವರು ಮುಂಗಡವಾಗಿ ಒಂದಷ್ಟು ದುಡ್ಡನ್ನು ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ನಿಮ್ಮ ಖಾತೆಯಲ್ಲಿ ಬೇರೆ ಖರ್ಚಿಗೆ ದುಡ್ಡಿಲ್ಲದ ಹಾಗಾಗುತ್ತದೆ. ಕ್ರೆಡಿಟ್ ಕಾರ್ಡ್ ಕೊಡಿ. ಲೆಕ್ಕವನ್ನು ಎರಡು ದಿನಕ್ಕೊಮ್ಮೆ ನೋಡುತ್ತಿರಿ. ಕೊನೆಯ ರಾತ್ರಿ ತಪ್ಪು ಕಂಡರೆ ಕೌಂಟರಿನಲ್ಲಿ ಉದ್ದದ ಸಾಲು.

ಒಬ್ಬರೇ ಹೋದರೆ ಅರ್ಧ ದರವಾ?

ಬಹಳ ಸಲ ಎರಡು ಜನದ ದರವೇ. ಕ್ಯಾಬಿನ್ ಲೆಕ್ಕ ಇಬ್ಬರದ್ದು. ಕೆಲವು ಹಡಗುಗಳಲ್ಲಿ ಒಬ್ಬರಿಗೆಂದೇ ಸಣ್ಣ ಕ್ಯಾಬಿನ್ ಇರುತ್ತವೆ, ಬೇಗ ತುಂಬಿಹೋಗುತ್ತವೆ.

ಟಿಪ್ಸ್ ಕೊಡಲೇಬೇಕಾ? ತೆಗೆಸಿಬಿಡಬಹುದು ಅಂತಾರಲ್ಲ?

ದಿನದ ಟಿಪ್ಸ್ ತಾನಾಗಿಯೇ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ, ಕೆಲವು ಕಂಪನಿಗಳಲ್ಲಿ ಕೌಂಟರಿಗೆ ಹೋಗಿ ತೆಗೆಸಬಹುದು. ದಯವಿಟ್ಟು ತೆಗೆಸಬೇಡಿ. ನಿಮ್ಮ ಕ್ಯಾಬಿನ್ ದಿನಾ ಒಪ್ಪಮಾಡುವವರು ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಬಂದವರು. ವಾರದಲ್ಲಿ ಏಳು ದಿನವೂ ಕೆಲಸ. ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರವೇ ವಾರಕ್ಕೆ 72 ಗಂಟೆವರೆಗೆ ದುಡಿಸಬಹುದು. ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳ ಬಾವುಟದ ಕೆಳಗೆ ಓಡುತ್ತವೆ, ಹಾಗಾಗಿ ಶ್ರೀಮಂತ ದೇಶಗಳ ಸಂಬಳದ ಕಾನೂನು ಇವರಿಗೆ ಅನ್ವಯಿಸುವುದಿಲ್ಲ. ಇವರಲ್ಲಿ ಹಲವರ ಸಂಪಾದನೆಯ ದೊಡ್ಡ ಪಾಲು ಟಿಪ್ಸ್‌ನಿಂದಲೇ ಬರುತ್ತದೆ. ಕಂಪನಿಯೇ ಸರಿಯಾದ ಸಂಬಳ ಕೊಡಬೇಕು ಅನ್ನುವುದು ನಿಜ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಸಿಟ್ಟನ್ನು ಹಾಸಿಗೆ ಹಾಸುವವರ ಮೇಲೆ ತೀರಿಸಬಾರದು.

ನಮ್ಮ ಕ್ಯಾಬಿನ್ ನೋಡಿಕೊಂಡವರೊಬ್ಬರಿಗೆ ನನ್ನ ಮಗಳಷ್ಟೇ ವಯಸ್ಸಿನ ಮಗು ಇತ್ತು. ಎರಡನೇ ದಿನ ಮಗಳ ಹೆಸರು ಕೇಳಿಕೊಂಡರು. ಮಾರನೆಯ ದಿನ ಟವೆಲ್ಲನ್ನು ಆನೆಯ ಹಾಗೆ ಮಡಿಸಿ, ಅದರ ಸೊಂಡಿಲಿಗೆ ಆ ಹೆಸರು ಬರೆದ ಚೀಟಿ ಸಿಕ್ಕಿಸಿ ಇಟ್ಟಿದ್ದರು. ಆ ಚೀಟಿ ಈಗಲೂ ನಮ್ಮ ಮನೆಯಲ್ಲಿದೆ.

ವಾಂತಿ, ತಲೆಸುತ್ತು ಬರುತ್ತಾ? ಏನು ಮಾಡಬೇಕು?

ಎಲ್ಲರಿಗೂ ಬರುವುದಿಲ್ಲ. ದೊಡ್ಡ ಹಡಗುಗಳಿಗೆ ನೀರಿನ ಕೆಳಗೆ ಎರಡೂ ಬದಿಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ, ಪಕ್ಕಕ್ಕೆ ವಾಲುವುದನ್ನು ಅವು ತಡೆಯುತ್ತವೆ. ಶಾಂತ ಸಮುದ್ರದಲ್ಲಿ ಹಡಗು ಚಲಿಸುತ್ತಿದೆ ಅಂತಲೇ ಅನ್ನಿಸುವುದಿಲ್ಲ. ತೆರೆದ ಸಾಗರದಲ್ಲಿ, ಅದರಲ್ಲೂ ಅಂಟಾರ್ಕ್ಟಿಕಾ ದಾರಿಯ ಡ್ರೇಕ್ ಜಲಸಂಧಿಯಂಥ ಕಡೆ ಕಥೆ ಬೇರೆ.

ಕಣ್ಣು ಹೇಳುವುದು ಒಂದು, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದು ಇನ್ನೊಂದು. ಮೆದುಳಿಗೆ ಗಲಿಬಿಲಿ. ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡುವುದು ಅದಕ್ಕೇ ಎಲ್ಲಕ್ಕಿಂತ ಕೆಟ್ಟದ್ದು. ಎದ್ದು ಡೆಕ್ ಮೇಲೆ ಬನ್ನಿ, ಗಾಳಿಗೆ ಮುಖ ಕೊಟ್ಟು ದೂರದ ದಿಗಂತದ ಗೆರೆಯನ್ನೇ ನೋಡಿ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ, ಗಡದ್ದಾಗಿಯೂ ತಿನ್ನಬೇಡಿ. ಒಣ ಬಿಸ್ಕತ್ತು, ಶುಂಠಿ ಹಲವರಿಗೆ ಹಿಡಿಸುತ್ತವೆ.

ಮಾತ್ರೆ ಬೇಕಿದ್ದರೆ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಮೆಕ್ಲಿಜಿನ್ ಮಾತ್ರೆ ಇದೆ, ನಿದ್ದೆ ಬರಿಸುತ್ತದೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೀನ್ ಪಟ್ಟಿ ಇದೆ, ಮೂರು ದಿನ ಕೆಲಸ ಮಾಡುತ್ತದೆ, ಕಡೇಪಕ್ಷ ನಾಲ್ಕು ಗಂಟೆ ಮುಂಚೆ ಅಂಟಿಸಬೇಕು. ಅಂಟಿಸಿದ ಕೂಡಲೇ ಕೈ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಿದರೆ ನೋಟ ಮಸುಕಾಗುತ್ತದೆ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರಿಗೆ ಅದು ಆಗುವುದಿಲ್ಲ. ಯಾವ ಔಷಧವಾದರೂ ವಾಂತಿ ಶುರುವಾಗುವ ಮುಂಚೆ ತೆಗೆದುಕೊಂಡರೆ ಉಪಯೋಗ, ಆಮೇಲೆ ನುಂಗಿದ್ದು ಒಳಗೆ ನಿಲ್ಲುವುದೇ ಕಷ್ಟ.

ಪಾಸ್‌ಪೋರ್ಟ್, ವೀಸಾ ವಿಚಾರ?

ಪಾಸ್‌ಪೋರ್ಟ್ ಅವಧಿ ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಉಳಿದಿರಲಿ. ವೀಸಾ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಹಡಗು ಗ್ರೀಸ್‌ನಿಂದ ಹೊರಟು ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದರೆ ನೀವು ಶೆಂಗೆನ್ ಪ್ರದೇಶದಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಶೆಂಗೆನ್ ವೀಸಾ ಬೇಕಾದವರು ಒಂದೇ ಪ್ರವೇಶದ ವೀಸಾ ಹಿಡಿದು ಹೋದರೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹಲವು ಪ್ರವೇಶದ್ದನ್ನೇ ಕೇಳಿ. ಹಡಗಿನಿಂದ ಇಳಿಯದೇ ಇದ್ದರೂ ಕೆಲವು ದೇಶಗಳಿಗೆ ವೀಸಾ ಬೇಕು. ಕಾಗದ ಸರಿ ಇಲ್ಲ ಅಂದರೆ ಹತ್ತಿಸಿಕೊಳ್ಳುವುದೇ ಇಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ಹೊರಡುವ ದಿನ ಬೆಳಗ್ಗೆ ವಿಮಾನದಲ್ಲಿ ಹೋದರೆ ಸಾಕಲ್ವಾ?

ಸಾಲದು. ಹಿಂದಿನ ದಿನವೇ ಆ ಊರಿಗೆ ಹೋಗಿ ಮಲಗಿ. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ.

ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ, ಕೆಲವು ಸಲ ರಾತ್ರಿಗೆ. ಮಾತ್ರೆ, ಪಾಸ್‌ಪೋರ್ಟ್, ಚಾರ್ಜರ್, ಒಂದು ಜೊತೆ ಬಟ್ಟೆ, ಈಜುವ ಬಟ್ಟೆ ಕೈಚೀಲದಲ್ಲಿರಲಿ. ಮೊದಲ ದಿನ ಮಧ್ಯಾಹ್ನ ಎಲ್ಲರೂ ಬಫೆಗೆ ನುಗ್ಗುತ್ತಾರೆ, ಆಗ ಈಜುಕೊಳ ಖಾಲಿ ಇರುತ್ತದೆ.

ಏನೇನು ಒಯ್ಯಬಾರದು?

ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್. ಬೆಂಕಿಯ ಭಯಕ್ಕೆ. ಒಯ್ಯಬೇಕಾದದ್ದು ಅಯಸ್ಕಾಂತದ ಕೊಕ್ಕೆಗಳು. ಕ್ಯಾಬಿನ್ನಿನ ಗೋಡೆ ಸಾಮಾನ್ಯವಾಗಿ ಲೋಹದ್ದು, ಒದ್ದೆ ಬಟ್ಟೆ, ಟೋಪಿ, ಚೀಲ ಎಲ್ಲ ಅಲ್ಲೇ ನೇತುಹಾಕಬಹುದು.

ಸುರಕ್ಷತಾ ಡ್ರಿಲ್ ತಪ್ಪಿಸಿಕೊಂಡರೆ ಏನಾಗುತ್ತದೆ?

ತಪ್ಪಿಸಿಕೊಳ್ಳಬೇಡಿ. ಅಪಾಯ ಬಂದಾಗ ಎಲ್ಲಿ ಸೇರಬೇಕು ಅಂತ ಎಲ್ಲರಿಗೂ ತೋರಿಸಿಕೊಡುವ ಅಭ್ಯಾಸ ಅದು. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಇಟಲಿಯ ಜಿಲ್ಯೊ ದ್ವೀಪದ ಬಳಿ ಬಂಡೆಗೆ ಬಡಿಯಿತು. ಹಡಗಿನಲ್ಲಿ 4,200ಕ್ಕೂ ಜಾಸ್ತಿ ಜನ ಇದ್ದರು, 32 ಜನ ತೀರಿಕೊಂಡರು. ಅಂದೇ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರ ಜನವರಿ 1ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕು.

ಈಗ ಹಲವು ಹಡಗುಗಳಲ್ಲಿ ವಿಡಿಯೋ ನೋಡಿ, ನಿಮ್ಮ ಗುಂಪು ಸೇರುವ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಆಯಿತು. ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಕ್ಯಾಬಿನ್‌ನಿಂದ ಆ ಜಾಗದವರೆಗೆ ಲಿಫ್ಟ್ ಹತ್ತದೆ ಮೆಟ್ಟಿಲಲ್ಲೇ ಮಕ್ಕಳ ಜೊತೆ ಒಮ್ಮೆ ನಡೆದು ನೋಡುತ್ತೇನೆ, ಎಷ್ಟು ತಿರುವು ಅಂತ ಅವರಿಂದಲೇ ಎಣಿಸುತ್ತೇನೆ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೈರನ್ ಕೇಳಿಸಿದರೆ ಎಲ್ಲಿಗೆ ಓಡಬೇಕು ಅಂತ ಅವರಿಗೂ ಗೊತ್ತಿರಬೇಕು.

ಟೂರ್ ಹಡಗಿನವರಿಂದಲೇ ತಗೋಬೇಕಾ, ನಾವೇ ಸುತ್ತಬಹುದಾ?

ಬಂದರಿನಿಂದ ಊರು ನಡೆಯುವಷ್ಟು ಹತ್ತಿರ ಇದ್ದರೆ ನೀವೇ ಸುತ್ತಿ. ದೂರದ ಜಾಗ ಅಂದರೆ ಹಡಗಿನ ಟೂರ್‌ಗೇ ನನ್ನ ಮತ. ದುಬಾರಿ ನಿಜ, ಗುಂಪಿನ ಹಿಂದೆ ಓಡಬೇಕು, ಅದೂ ನಿಜ. ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದ್ದು. ನೀವಾಗಿ ಹೋಗಿ ತಡವಾದರೆ ಹೊಣೆ ನಿಮ್ಮದೇ.

ಒಂದು ದ್ವೀಪದಲ್ಲಿ ನಮಗೆ ಇನ್ನೇನು ಹಡಗು ತಪ್ಪಿಹೋಗಬೇಕಿತ್ತು. ಮೊಬೈಲ್ ತಾನಾಗಿಯೇ ದ್ವೀಪದ ಸಮಯಕ್ಕೆ ಬದಲಾಗಿತ್ತು. ಹಡಗಿನ ಸಮಯ ಅದಕ್ಕಿಂತ ಒಂದು ಗಂಟೆ ಮುಂದಿತ್ತು. ಇನ್ನೂ ಒಂದೂವರೆ ಗಂಟೆ ಇದೆ ಅಂದುಕೊಂಡು ಸಮುದ್ರದ ದಂಡೆಯಲ್ಲಿ ಕೂತಿದ್ದೆವು. ಅಮ್ಮನ ಕೈಯಲ್ಲಿ ಮಾತ್ರ ಹಳೆಯ ಕೀಲಿ ಕೊಡುವ ವಾಚ್ ಇತ್ತು, ಬೆಳಗ್ಗೆ ಹಡಗಿನಲ್ಲಿ ಹೊಂದಿಸಿದ್ದು. ‘ಅಲ್ಲ ಕಣೇ, ನನ್ನ ವಾಚಲ್ಲಿ ಆಗಲೇ ನಾಲ್ಕು’ ಅಂದರು. ಒದ್ದೆ ಬಟ್ಟೆಯಲ್ಲೇ ಟ್ಯಾಕ್ಸಿ ಹತ್ತಿದೆವು. ನಾವು ಒಳಗೆ ಕಾಲಿಟ್ಟು ಹತ್ತು ನಿಮಿಷಕ್ಕೆ ಏಣಿ ಎತ್ತಿದರು. ಅವತ್ತಿನಿಂದ ಯಾರು ಕೇಳಿದರೂ ಹೇಳುತ್ತೇನೆ, ಕೈಗೆ ಮಾಮೂಲಿ ವಾಚ್ ಕಟ್ಟಿ, ಹಡಗಿನ ಸಮಯಕ್ಕೆ ಇಡಿ, ಹೊರಡುವ ಹೊತ್ತಿಗಲ್ಲ, ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ‘ಎಲ್ಲರೂ ಹಡಗಿನಲ್ಲಿರಬೇಕು’ ಅಂತ ಹಾಕಿರುವ ಹೊತ್ತಿಗೆ ಲೆಕ್ಕ ಇಟ್ಟುಕೊಳ್ಳಿ.

ಬಂದರಿನಲ್ಲಿ ಹಡಗಿನ ಏಜೆಂಟ್ ಒಬ್ಬರು ಇರುತ್ತಾರೆ. ಅವರ ಫೋನ್ ನಂಬರ್ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿರುತ್ತದೆ. ಇಳಿಯುವ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ.

ಟೆಂಡರ್ ಬಂದರು ಅಂದರೇನು?

ಹಡಗು ದಡಕ್ಕೆ ಬರಲಾಗದೆ ದೂರ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುವ ಜಾಗ. ಸ್ಯಾಂಟೊರಿನಿ ಹೀಗೆಯೇ. ಬೆಳಗ್ಗೆ ಸಾಲು ಉದ್ದ, ವಾಪಸ್ ಬರುವಾಗಲೂ ಉದ್ದ. ಅಲೆ ಜೋರಾದರೆ ಆ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಗಾಲಿಕುರ್ಚಿ ಬಳಸುವವರಿಗೆ ಬಹಳ ಸಲ ಇಳಿಯಲು ಆಗುವುದಿಲ್ಲ, ಹಾಗಾಗಿ ಮನೆಯಲ್ಲಿ ನಡೆಯಲು ಕಷ್ಟ ಇರುವವರಿದ್ದರೆ ಬುಕ್ ಮಾಡುವ ಮುಂಚೆಯೇ ಎಷ್ಟು ಟೆಂಡರ್ ಬಂದರು ಇವೆ ಅಂತ ಎಣಿಸಿ. ಗಾಲಿಕುರ್ಚಿ ತಿರುಗುವಷ್ಟು ಅಗಲದ ಕ್ಯಾಬಿನ್ನುಗಳೂ ಕೆಲವೇ, ಬೇಗ ಹಿಡಿಯಬೇಕು.

ಫೋನ್, ಇಂಟರ್ನೆಟ್?

ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕ್ ಹಿಡಿದುಕೊಂಡು ಬಿಲ್ ಏರುತ್ತದೆ. ವೈಫೈ ಈಗ ಎಷ್ಟೋ ಪರವಾಗಿಲ್ಲ, ಹಲವು ಹಡಗುಗಳಿಗೆ ಸ್ಟಾರ್‌ಲಿಂಕ್ ಸ್ಯಾಟಲೈಟ್ ಇಂಟರ್ನೆಟ್ ಬಂದಿದೆ. ಹೊರಡುವ ಮುಂಚೆ ಕೊಂಡರೆ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ.

ಹಡಗಿನಲ್ಲಿ ಕಾಯಿಲೆ ಬಿದ್ದರೆ?

ಡಾಕ್ಟರ್ ಇರುತ್ತಾರೆ, ಸಣ್ಣ ಆಸ್ಪತ್ರೆ ಇರುತ್ತದೆ. ಬಿಲ್ ನಿಮ್ಮದೇ, ದುಬಾರಿ. ದೊಡ್ಡ ತೊಂದರೆ ಅಂದರೆ ಹೆಲಿಕಾಪ್ಟರಿನಲ್ಲೋ ಹತ್ತಿರದ ಬಂದರಿನಲ್ಲೋ ಇಳಿಸಬೇಕಾಗುತ್ತದೆ, ಆ ಖರ್ಚು ಒಂದು ಸಂಸಾರವನ್ನೇ ಅಲ್ಲಾಡಿಸಬಹುದು. ತುರ್ತು ಸಾಗಣೆಯ ಖರ್ಚು ಸೇರಿರುವ ಪ್ರಯಾಣ ವಿಮೆ ಇಲ್ಲದೆ ಹತ್ತಬೇಡಿ. ಬೇರೆ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಇಲ್ಲಿ ಮಾತ್ರ ಬೇಡ.

ಹೊಟ್ಟೆ ಕೆಡಿಸುವ ನೊರೊವೈರಸ್ ಬಗ್ಗೆ ಜನ ಹೆದರುತ್ತಾರೆ. ಅದು ಹಡಗಿನ ಕಾಯಿಲೆಯಲ್ಲ, ಶಾಲೆ, ಆಸ್ಪತ್ರೆ ಎಲ್ಲ ಕಡೆ ಇದೆ. ಆದರೆ ಹಡಗಿನಲ್ಲಿ ಎಲ್ಲರೂ ಅದೇ ಸ್ಪೂನು, ಅದೇ ಕಂಬಿ ಮುಟ್ಟುತ್ತಾರೆ, ಬೇಗ ಹರಡುತ್ತದೆ. ಸ್ಯಾನಿಟೈಸರ್ ಇದಕ್ಕೆ ಸಾಲದು. ಸೋಪು ಹಾಕಿ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳದೇ ಕೇಳದೇ ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತದೆ, 86 ಬರದಿದ್ದರೆ ಫೇಲ್. ಅಂಕಗಳು ಎಲ್ಲರೂ ನೋಡುವ ಹಾಗೆ ಇವೆ, ಬುಕ್ ಮಾಡುವ ಮುಂಚೆ ಹುಡುಕಿ ನೋಡಿ.

ಕೂಸು, ಗರ್ಭಿಣಿ ಹೋಗಬಹುದಾ?

ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬಿದ ಮಗುವನ್ನು ಸೇರಿಸುತ್ತವೆ, ಸಾಗರ ದಾಟುವ ಉದ್ದ ಪ್ರಯಾಣಕ್ಕೆ ಒಂದು ವರ್ಷ ತುಂಬಿರಬೇಕು. ಪ್ರಯಾಣ ಮುಗಿಯುವುದರೊಳಗೆ ಬಸಿರಿಗೆ 24 ವಾರ ತಲುಪುವುದಾದರೆ ಹತ್ತಿಸಿಕೊಳ್ಳುವುದಿಲ್ಲ. ಹಲವು ಹಡಗುಗಳ ಈಜುಕೊಳದಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಮಕ್ಕಳ ಮೇಲಿನ ಕಣ್ಣು ನಿಮ್ಮದೇ ಆಗಿರಲಿ.

ಬರೀ ಸಮುದ್ರದ ದಿನ ಬೇಜಾರಾಗಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟದ ದಿನ ಅದೇ. ಹಡಗು 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ, ಡೆಕ್ಕಿನ ಕಂಬಿ ಹಿಡಿದು ನಿಂತರೆ ನೀರು ಬಿಳಿ ನೊರೆಯಾಗಿ ಹಿಂದಕ್ಕೆ ಹರಿಯುತ್ತದೆ. ಊಟದ ಸಾಲು, ಆಟ, ತರಗತಿ ಎಲ್ಲ ಇರುತ್ತವೆ, ಬೇಕಾದವರಿಗೆ.

ಬಂದರು ಸೇರುವ ಬೆಳಗ್ಗೆ ಮಾತ್ರ ಬೇಗ ಏಳಿ. ಇನ್ನೂ ಮಬ್ಬುಗತ್ತಲು ಇರುವಾಗ ದೂರದಿಂದ ಒಂದು ಪುಟ್ಟ ದೋಣಿ ದೀಪ ಹಾಕಿಕೊಂಡು ಬರುತ್ತದೆ. ಅದರಲ್ಲಿ ಆ ಬಂದರಿನ ಪೈಲಟ್ ಇರುತ್ತಾರೆ, ಅಲ್ಲಿನ ನೀರಿನ ಆಳ, ಸೆಳವು ಬಲ್ಲವರು. ಹಡಗು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ದೋಣಿ ಪಕ್ಕಕ್ಕೆ ಅಂಟಿಕೊಂಡು ಓಡುತ್ತದೆ, ಮೇಲೆ ಕೆಳಗೆ ಕುಣಿಯುತ್ತದೆ, ಅಲೆ ದೋಣಿಯನ್ನು ಎತ್ತಿದ ಕ್ಷಣಕ್ಕೆ ಸರಿಯಾಗಿ ಅವರು ಹಗ್ಗದ ಏಣಿ ಹಿಡಿದು ಕಾಲಿಡುತ್ತಾರೆ, ನಾಲ್ಕು ಹೆಜ್ಜೆ ಹತ್ತಿ ಹಡಗಿನ ಬದಿಯ ಬಾಗಿಲಲ್ಲಿ ಮಾಯ. ದೋಣಿ ತಿರುಗಿಕೊಂಡು ಹೋಗುತ್ತದೆ. ಅರ್ಧ ನಿಮಿಷದ ಕೆಲಸ. ಅದನ್ನು ನೋಡಲೆಂದೇ ನಾನು ಅಲಾರಂ ಇಟ್ಟುಕೊಳ್ಳುತ್ತೇನೆ.

ಪರಿಸರಕ್ಕೆ ಹಾನಿ ಅಲ್ವಾ ಇದು?

ಹೌದು. ಇದನ್ನು ಮುಚ್ಚಿಡಬಾರದು. ಹಡಗು ಸುಡುವುದು ಹೆಚ್ಚಾಗಿ ಭಾರವಾದ ಎಣ್ಣೆ. 2020ರ ಜನವರಿಯಿಂದ ಇಂಧನದ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದರು, ಒಳ್ಳೆಯದಾಯಿತು. ಆದರೆ ಹಲವು ಹಡಗುಗಳು ಹಳೆಯ ಎಣ್ಣೆಯನ್ನೇ ಸುಟ್ಟು, ಹೊಗೆಯನ್ನು ತೊಳೆದು, ತೊಳೆದ ನೀರನ್ನು ಸಮುದ್ರಕ್ಕೆ ಬಿಡುತ್ತವೆ. ಗ್ಯಾಸ್‌ನಲ್ಲಿ ಓಡುವ ಹೊಸ ಹಡಗುಗಳಲ್ಲಿ ಸುಡದ ಮೀಥೇನ್ ಸೋರುವ ತೊಂದರೆ ಇದೆ. ನಾರ್ವೆ ತನ್ನ ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ ಹೊಗೆ ಬಿಡದ ಹಡಗುಗಳೇ ಓಡಬೇಕು ಅಂತ ನಿಯಮ ಮಾಡಿದೆ, 2026ರಿಂದ ಸಣ್ಣವಕ್ಕೆ, 2032ರಿಂದ ದೊಡ್ಡವಕ್ಕೆ. ಬೇರೆಯವರೂ ಇದನ್ನೇ ಮಾಡಬೇಕು ಅಂತ ನನ್ನ ಆಸೆ.

ನಾನು ಮಾಡುವುದು ಇಷ್ಟು. ವರ್ಷ ವರ್ಷ ಹೋಗುವುದಿಲ್ಲ. ಬಂದರಿನಲ್ಲಿ ನಿಂತಾಗ ದಡದ ಕರೆಂಟ್ ಬಳಸುವ ಹಡಗನ್ನು ಹುಡುಕುತ್ತೇನೆ. ತಟ್ಟೆಗೆ ತಿನ್ನುವಷ್ಟೇ ಹಾಕಿಕೊಳ್ಳುತ್ತೇನೆ.

ಸಮುದ್ರ ಬೇಡ ಅಂದರೆ?

ನದಿ ಕ್ರೂಸ್ ಇದೆ. ರೈನ್, ಡ್ಯಾನ್ಯೂಬ್, ಲಕ್ಸರ್‌ನಿಂದ ಆಸ್ವಾನ್‌ವರೆಗಿನ ನೈಲ್. ಯುರೋಪಿನ ನದಿ ಹಡಗುಗಳಲ್ಲಿ ಜನ ಇನ್ನೂರಕ್ಕಿಂತ ಕಡಿಮೆ, ಕುಲುಕಾಟ ಇಲ್ಲ, ಹೆಚ್ಚಾಗಿ ಊರಿನ ನಡುವೆಯೇ ನಿಲ್ಲುತ್ತವೆ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದರೆ ಸ್ವಲ್ಪ ದೂರ ಬಸ್ಸಿನಲ್ಲಿ ಕಳಿಸುತ್ತಾರೆ. ನೈಟ್ ಕ್ಲಬ್, ಜಾರುಬಂಡೆ ಹುಡುಕುವವರಿಗೆ ಅಲ್ಲ.

ಇಳಿಯುವ ದಿನ ಹೇಗೆ?

ಹಿಂದಿನ ರಾತ್ರಿ ಪೆಟ್ಟಿಗೆಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು, ರಾತ್ರಿಯೇ ಒಯ್ಯುತ್ತಾರೆ. ಬೆಳಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ, ಮಾತ್ರೆ ಹೊರಗೆ ತೆಗೆದಿಟ್ಟಿದ್ದೀರಾ ಅಂತ ಎರಡು ಸಲ ನೋಡಿ. ಒಂದು ಬೆಳಗ್ಗೆ ನಮ್ಮ ಎದುರು ಕ್ಯಾಬಿನ್ನಿನ ಹಿರಿಯರೊಬ್ಬರು ರಾತ್ರಿ ಉಡುಪಿನಲ್ಲೇ ಬಾಗಿಲಲ್ಲಿ ನಿಂತಿದ್ದರು, ಇದ್ದಬದ್ದ ಬಟ್ಟೆಯೆಲ್ಲ ಪೆಟ್ಟಿಗೆಯೊಳಗೆ ಹೋಗಿಬಿಟ್ಟಿತ್ತು. ನನ್ನ ಗಂಡನ ಪ್ಯಾಂಟ್ ಒಂದು ಅವರಿಗೆ ಸರಿಹೋಯಿತು. ಪೆಟ್ಟಿಗೆ ನೀವೇ ಎಳೆದುಕೊಂಡು ಇಳಿಯುತ್ತೀರಿ ಅಂದರೆ ಹೊರಗೆ ಇಡಬೇಕಾಗಿಲ್ಲ, ಎಲ್ಲರಿಗಿಂತ ಮುಂಚೆ ಇಳಿಯಲೂಬಹುದು. ವಾಪಸ್ ವಿಮಾನ ಮಾತ್ರ ಮಧ್ಯಾಹ್ನದ ಮೇಲಿನದ್ದೇ ಇರಲಿ.